ಸೀ ಟ್ರಯಲ್ ದಿನ: ಬಿಸಿಯಾಗುತ್ತಿದ್ದ ಎಂಜಿನ್‌ನ ಕಾರಣ ಹುಡುಕಿದ್ದು

ಯಾಟ್ ರಿಪೇರಿಯಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ನೀರಿನ ಮೇಲೆ ಆಗಬೇಕು. ಬೋಟನ್ನು ಸಮುದ್ರಕ್ಕೆ ಒಯ್ದು, ಪೂರ್ತಿ ವೇಗದವರೆಗೆ ಓಡಿಸಿ, ಪ್ರತಿಯೊಂದನ್ನೂ ಅಳೆದು ಬರೆದುಕೊಂಡು ಬರುವುದಕ್ಕೆ ನಾವು ಸೀ ಟ್ರಯಲ್ ಅನ್ನುತ್ತೇವೆ. ನಾನು ದುಬೈನಲ್ಲಿ ಈ ಕೆಲಸ ಮಾಡುತ್ತೇನೆ. ಡೀಸೆಲ್ ಕೆಲಸ ಕಲಿತದ್ದು ಮಾತ್ರ ಮಲ್ಪೆ ಬಂದರಿನಲ್ಲಿ, ಟ್ರಾಲ್ ಬೋಟುಗಳಲ್ಲಿ. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದಡ ಸೇರುತ್ತವಲ್ಲ, ಆಗ ನಮಗೆ ಕೈತುಂಬ ಕೆಲಸ. ಅಲ್ಲಿನ ಹಿರಿಯ ಮೆಕ್ಯಾನಿಕ್‌ಗಳು ರಿಪೇರಿ ಆದ ಬೋಟನ್ನು ಸೇಂಟ್ ಮೇರೀಸ್ ದ್ವೀಪದ ಕಡೆ ಒಂದು ಸುತ್ತು ಓಡಿಸಿ ನೋಡದೆ ಬಿಡುತ್ತಿರಲಿಲ್ಲ. ಇಲ್ಲಿ ಮಾಡುವುದೂ ಅದನ್ನೇ. ಅಳತೆ ಜಾಸ್ತಿ, ಕಾಗದ ಜಾಸ್ತಿ, ಅಷ್ಟೇ.

ಧಕ್ಕೆಯಲ್ಲಿ ಕಟ್ಟಿ ಹಾಕಿದ ಬೋಟಿನಲ್ಲಿ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಅದನ್ನು ನಂಬಬಾರದು. ಗೇರ್ ಹಾಕದೆ ಓಡುವ ಎಂಜಿನ್‌ಗೆ ಹೊರೆಯೇ ಇರುವುದಿಲ್ಲ. ಪ್ರೊಪೆಲರ್ ಎಳೆದುಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಆರ್‌ಪಿಎಂನ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ) ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಅರ್ಧ ಆರ್‌ಪಿಎಂನಲ್ಲಿ ಓಡುವಾಗ ಪೂರ್ತಿ ಶಕ್ತಿಯ ಎಂಟನೇ ಒಂದು ಭಾಗ ಮಾತ್ರ ಬಳಕೆಯಾಗುತ್ತದೆ. ಉಳಿದ ಏಳು ಭಾಗದಲ್ಲಿ ಏನಾಗುತ್ತದೆ ಅನ್ನುವುದು ಸಮುದ್ರದಲ್ಲೇ ಗೊತ್ತಾಗಬೇಕು. ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಈ ಲೆಕ್ಕವನ್ನೇ.

ಇಲ್ಲಿ ಹೇಳಹೊರಟಿರುವುದು ಜೂನ್ ತಿಂಗಳ ಒಂದು ದಿನದ ಕೆಲಸ. ಸುಮಾರು 60 ಅಡಿಯ ಬೋಟು, ಎರಡು ಡೀಸೆಲ್ ಎಂಜಿನ್, ಪ್ರೊಪೆಲರ್ ತಿರುಗಿಸುವ ಉದ್ದ ಶಾಫ್ಟ್. ಚಳಿಗಾಲವಿಡೀ ಚೆನ್ನಾಗಿ ಓಡಿತ್ತು. ಮೇ ತಿಂಗಳಿಂದ ಬಲಗಡೆಯ ಎಂಜಿನ್ ವೇಗದಲ್ಲಿ ಬಿಸಿಯಾಗುತ್ತಿದೆ ಅನ್ನುವುದು ದೂರು. ನಾವು ಹೀಟ್ ಎಕ್ಸ್‌ಚೇಂಜರ್ (ಕಡಲ ನೀರಿನಿಂದ ಎಂಜಿನ್ ತಣ್ಣಗಿಡುವ ಭಾಗ) ಬಿಚ್ಚಿ ಒಳಗಿನ ಉಪ್ಪಿನ ಪದರ ತೆಗೆದಿದ್ದೆವು. ಕಡಲ ನೀರಿನ ಪಂಪಿಗೆ ಹೊಸ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಹಾಕಿದ್ದೆವು. ಬೇರೆ ಲೋಹ ಸವೆಯದಂತೆ ತಾನೇ ಸವೆಯುವ ಜಿಂಕ್ ತುಂಡು ಬದಲಿಸಿ, ಬಿಸಿ ಏರಿದಾಗ ತೆರೆದುಕೊಳ್ಳುವ ವಾಲ್ವ್ ಆದ ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿಟ್ಟು ಪರೀಕ್ಷಿಸಿದ್ದೆವು. ತಳಕ್ಕೆ ಅಂಟಿದ ಬಾರ್ನಕಲ್ ಚಿಪ್ಪು ಕೆರೆದು ಪೇಂಟ್ ಕೂಡ ಆಗಿತ್ತು. ಮಾಲೀಕರಿಗೆ ವೀಕೆಂಡ್‌ಗೆ ಬೋಟು ಬೇಕಿತ್ತು.

ಬೇಸಿಗೆಯಲ್ಲಿ ನಾವು ಬೆಳಕು ಹರಿಯುವ ಹೊತ್ತಿಗೇ ಹೊರಡುತ್ತೇವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ನಿಯಮ ಅದು. ಬೆಳಿಗ್ಗೆ ಹೊರಡಲು ಇನ್ನೊಂದು ಕಾರಣ ಗಾಳಿ. ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಎದ್ದು ನೀರು ಒರಟಾಗುತ್ತದೆ. ಆಗ ತೆಗೆದ ವೇಗದ ಲೆಕ್ಕಕ್ಕೆ ಬೆಲೆ ಇಲ್ಲ.

ಹೊರಡುವ ಮುನ್ನ ಎಂಜಿನ್ ರೂಮಿನಲ್ಲಿ ನಾನು ಒಂದು ಸುತ್ತು ಸುಮ್ನೆ ನೋಡುತ್ತೇನೆ. ಕೈಯಲ್ಲಿ ಸ್ಪ್ಯಾನರ್ ಇರುವುದಿಲ್ಲ, ಟಾರ್ಚ್ ಮಾತ್ರ. ಬಿಲ್ಜ್, ಅಂದರೆ ಬೋಟಿನ ಒಳತಳ, ಒಣಗಿರಬೇಕು. ಒಣಗಿದ್ದರೆ ತಾನೇ ಆಮೇಲೆ ಬಂದ ನೀರು ಎಲ್ಲಿಂದ ಬಂತು ಅಂತ ಗೊತ್ತಾಗುವುದು? ಆಯಿಲ್, ಕೂಲೆಂಟ್, ಬೆಲ್ಟ್, ಸ್ಟ್ರೇನರ್ (ಕಡಲ ನೀರಿನ ಕಸ ಹಿಡಿಯುವ ಜಾಲರಿ), ಕಡಲ ನೀರಿನ ವಾಲ್ವ್ ಪೂರ್ತಿ ತೆರೆದಿದೆಯೇ ಎಂಬುದು, ಶಾಫ್ಟ್ ಸೀಲ್ ಎಲ್ಲ ನೋಡುತ್ತೇನೆ. ಟ್ಯಾಂಕಿನಲ್ಲಿ ಎಷ್ಟು ಡೀಸೆಲ್, ಎಷ್ಟು ನೀರು, ಬೋಟಿನಲ್ಲಿ ಎಷ್ಟು ಜನ ಅಂತ ಬರೆದುಕೊಳ್ಳುತ್ತೇನೆ. ಖಾಲಿ ಬೋಟಿನ ವೇಗವನ್ನು ತುಂಬಿದ ಬೋಟಿನ ವೇಗಕ್ಕೆ ಹೋಲಿಸಿ ಜಗಳ ಮಾಡುವವರನ್ನು ನಾನು ನೋಡಿದ್ದೇನೆ.

ಆಮೇಲೆ ಕಪ್ಪು ಟೇಪು. ಮುಟ್ಟದೆ ಬಿಸಿ ಅಳೆಯುವ ಟೆಂಪರೇಚರ್ ಗನ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ. ಹಿತ್ತಾಳೆ, ಸ್ಟೀಲ್ ಪೈಪಿನ ಮೇಲೆ ಗನ್ ಹಿಡಿದರೆ ನಿಜಕ್ಕಿಂತ ತುಂಬ ಕಡಿಮೆ ತೋರಿಸಬಹುದು. ಹಾಗಾಗಿ ಅಳೆಯಬೇಕಾದ ಜಾಗದಲ್ಲೆಲ್ಲ ಕಪ್ಪು ಟೇಪಿನ ತುಂಡು ಅಂಟಿಸಿ ನಂಬರ್ ಬರೆದಿಡುತ್ತೇನೆ. ಎರಡೂ ಎಂಜಿನ್‌ಗಳಲ್ಲಿ ಒಂದೇ ಜಾಗ, ಒಂದೇ ನಂಬರ್. ಯಾರೇ ಅಳೆದರೂ ಅದೇ ಜಾಗದಲ್ಲಿ ಅಳೆಯುತ್ತಾರೆ. ಎರಡು ಎಂಜಿನ್ ಇರುವ ಬೋಟಿನ ದೊಡ್ಡ ಅನುಕೂಲ ಇದು. ಬಲಗಡೆಯದು ಹೇಗಿರಬೇಕು ಅಂತ ಎಡಗಡೆಯದೇ ತೋರಿಸುತ್ತದೆ.

ಅವತ್ತು ದುಬೈ ಹಾರ್ಬರ್‌ನಿಂದ ಹೊರಟೆವು. ಕ್ಯಾಪ್ಟನ್, ಮಾಲೀಕರು, ನಾನು, ಜೊತೆಗೆ ಹೊನ್ನಾವರ ಕಡೆಯ ಒಬ್ಬ ಹುಡುಗ. ಹಾರ್ಬರ್ ಒಳಗೆ ಅಲೆ ಏಳದಂತೆ ನಿಧಾನ ಹೋಗಬೇಕು. ಆ ನಿಧಾನದ ಹೊತ್ತೇ ಎಂಜಿನ್ ಬಿಸಿಯೇರುವ ಹೊತ್ತು ಕೂಡ. ಒಂದು ಕಡೆ ಬ್ಲೂವಾಟರ್ಸ್ ದ್ವೀಪದ ದೊಡ್ಡ ಚಕ್ರ, ಇನ್ನೊಂದು ಕಡೆ ಪಾಮ್ ಜುಮೇರಾ. ಅದನ್ನು ದಾಟಿ ಇನ್ನೂ ದೂರ ಹೋಗಬೇಕಿತ್ತು, ಯಾಕೆಂದರೆ ಈ ಪರ್ಷಿಯನ್ ಕೊಲ್ಲಿ ಆಳವಿಲ್ಲದ ಸಮುದ್ರ. ಸರಾಸರಿ ಆಳ ಸುಮಾರು 35 ಮೀಟರ್, ದುಬೈ ದಡದ ಹತ್ತಿರ ಅದಕ್ಕಿಂತ ಎಷ್ಟೋ ಕಡಿಮೆ. ಆಳವಿಲ್ಲದ ನೀರಿನಲ್ಲಿ ಬೋಟಿನ ವೇಗ ಮತ್ತು ಎಂಜಿನ್ ಮೇಲಿನ ಹೊರೆ ಎರಡೂ ಬದಲಾಗುತ್ತವೆ. ವಿಎಚ್ಎಫ್ ರೇಡಿಯೋದ 16ನೇ ಚಾನೆಲ್ ಕಿವಿಗೆ ಬೀಳುವಂತೆ ಇಟ್ಟುಕೊಂಡು ಕ್ಯಾಪ್ಟನ್ ಆಳದ ಕಡೆ ತಿರುಗಿಸಿದರು.

ಕೊಲ್ಲಿಯ ನೀರಿನ ಬಿಸಿಯ ಬಗ್ಗೆ ಹೇಳಲೇಬೇಕು. ಅವತ್ತು ನೀರು 33 ಡಿಗ್ರಿ ಇತ್ತು. ಯಾಟ್ ಎಂಜಿನ್‌ನಲ್ಲಿ ರೇಡಿಯೇಟರ್, ಫ್ಯಾನ್ ಇರುವುದಿಲ್ಲ. ಕೂಲೆಂಟ್ ಎಂಜಿನ್ ಒಳಗೆ ತಿರುಗಿ ಬಿಸಿಯಾಗುತ್ತದೆ. ಹೊರಗಿನಿಂದ ಎಳೆದುಕೊಂಡ ಕಡಲ ನೀರು ಹೀಟ್ ಎಕ್ಸ್‌ಚೇಂಜರ್ ಮೂಲಕ ಆ ಬಿಸಿಯನ್ನು ಹೊತ್ತುಕೊಂಡು, ಎಕ್ಸಾಸ್ಟ್ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಒಳಬರುವ ನೀರೇ ಬೆಚ್ಚಗಿದ್ದರೆ ಅದು ಹೊರಬಲ್ಲ ಬಿಸಿಯೂ ಕಡಿಮೆ. ಚಳಿಗಾಲದಲ್ಲಿ ಮರೆಯಾಗಿರುವ ದೋಷ ಬೇಸಿಗೆಯಲ್ಲಿ ಹೊರಬರುವುದು ಹೀಗೆ.

ಆಳ ಸಿಕ್ಕಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆವು. 1000, 1500, 1800 ಆರ್‌ಪಿಎಂ. ಪ್ರತಿ ಮೆಟ್ಟಿಲಲ್ಲೂ ಹತ್ತು ನಿಮಿಷ. 1800ರಲ್ಲಿ ಎರಡೂ ಎಂಜಿನ್‌ಗಳ ಕೂಲೆಂಟ್ 82 ಡಿಗ್ರಿ. 2000ಕ್ಕೆ ಏರಿಸಿದಾಗ ಎಡಕ್ಕೆ 84, ಬಲಕ್ಕೆ 85. ಹೊಗೆ ನೋಡಿದೆ. ಕಪ್ಪಿಲ್ಲ, ನೀಲಿಯಿಲ್ಲ. ಕಪ್ಪು ಬಂದರೆ ಹೊರೆ ಜಾಸ್ತಿ ಅಥವಾ ಗಾಳಿ ಸಾಲದು ಅಂತ ಅರ್ಥ. ನೀಲಿ ಬಂದರೆ ಆಯಿಲ್ ಸುಡುತ್ತಿದೆ ಅಂತ.

"ಸರಿಯಾಯ್ತಲ್ಲ, ವಾಪಸ್ ಹೋಗೋಣ" ಅಂದರು ಮಾಲೀಕರು. ಬಿಸಿಲು ಏರುತ್ತಿತ್ತು, ಅವರ ಅವಸರ ಸಹಜವೇ. "ಸರ್, ಇದೇ ವೇಗದಲ್ಲಿ ಅರ್ಧ ಗಂಟೆ ಓಡಲಿ. ಆಮೇಲೆ ನೀವೇ ಹೇಳಿ" ಅಂದೆ. ಸೀ ಟ್ರಯಲ್‌ನಲ್ಲಿ ನಾನು ಬಿಟ್ಟುಕೊಡದ ಒಂದೇ ಸಂಗತಿ ಈ ಅರ್ಧ ಗಂಟೆ. ಕಬ್ಬಿಣ, ಆಯಿಲ್, ಗೇರ್ ಬಾಕ್ಸ್, ಎಂಜಿನ್ ರೂಮಿನ ಗಾಳಿ, ರಬ್ಬರ್ ಎಲ್ಲವೂ ತಮ್ಮ ನಿಜವಾದ ಬಿಸಿಗೆ ಬರಲು ಹೊತ್ತು ಬೇಕು. ಐದು ನಿಮಿಷ ಓಡಿಸಿ ಹಾಕುವ ಸಹಿಗೆ ಅರ್ಥವಿಲ್ಲ.

ವೇಗದಲ್ಲಿರುವಾಗ ಎಂಜಿನ್ ರೂಮಿಗೆ ಒಬ್ಬರೇ ಇಳಿಯುವ ಹಾಗಿಲ್ಲ. ಒಬ್ಬ ಒಳಗೆ, ಒಬ್ಬ ಬಾಗಿಲಲ್ಲಿ. ಕಿವಿಗೆ ಮಫ್, ಸಡಿಲ ಬಟ್ಟೆ ಬೇಡ, ಕೈಸನ್ನೆ ಮೊದಲೇ ಮಾತಾಡಿಕೊಂಡಿರಬೇಕು. ತಿರುಗುವ ಶಾಫ್ಟಿನ ಮೇಲೆ ಕಾಲು ದಾಟಿಸುವುದಂತೂ ಬೇಡವೇ ಬೇಡ. ಡೀಸೆಲ್ ಪೈಪ್ ಸೋರುತ್ತಿದೆಯೇ ಅಂತ ಬೆರಳಿಟ್ಟು ನೋಡುವ ಅಭ್ಯಾಸ ಹಳೆಯ ಎಂಜಿನ್‌ಗಳಿಂದ ಕೆಲವರಿಗೆ ಬಂದಿರುತ್ತದೆ. ಈಗಿನ ಕಾಮನ್ ರೇಲ್ ಎಂಜಿನ್‌ನಲ್ಲಿ ಒತ್ತಡ 1500 ಬಾರ್ ಮೀರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆಯೂ ಚರ್ಮ ಕೊರೆದು ಡೀಸೆಲ್ ಮೈಯೊಳಗೆ ನುಗ್ಗಿಸುತ್ತದೆ. ಕೈ ಕತ್ತರಿಸಬೇಕಾದ ಸ್ಥಿತಿ ಬರಬಹುದು. ರಟ್ಟಿನ ತುಂಡು ಹಿಡಿದು ನೋಡಿ, ಬೆರಳಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಇಪ್ಪತ್ತು ನಿಮಿಷ ಕಳೆಯುತ್ತಿದ್ದಂತೆ ಬಲಗಡೆ 87 ಆಯಿತು. ಆಮೇಲೆ 89. ಎಡಗಡೆ 84ರಲ್ಲೇ ನಿಂತಿತ್ತು. 91ಕ್ಕೆ ಬಂದಾಗ ನಾನು ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ಗನ್ ಹಿಡಿದು ಇಳಿದೆ. ಈ ಎಂಜಿನ್‌ಗೆ ಅಲಾರ್ಮ್ 95ಕ್ಕೆ. ಸಮಯ ಇತ್ತು, ಆದರೆ ತುಂಬ ಇರಲಿಲ್ಲ.

ಮೊದಲು ನೋಡಿದ್ದು ಹೀಟ್ ಎಕ್ಸ್‌ಚೇಂಜರ್‌ನಿಂದ ಹೊರಬರುವ ಕಡಲ ನೀರಿನ ಬಿಸಿ. ಎಡಕ್ಕೆ 46, ಬಲಕ್ಕೆ 58. ಈ ಎರಡು ಅಂಕಿಯಲ್ಲೇ ಉತ್ತರದ ಬಹುಪಾಲು ಇದೆ. ಎಕ್ಸ್‌ಚೇಂಜರ್ ಒಳಗೆ ಕಸ, ಉಪ್ಪು ಕಟ್ಟಿದ್ದರೆ ಕೂಲೆಂಟ್ ಬಿಸಿಯಾಗುತ್ತದೆ, ಆದರೆ ಕಡಲ ನೀರು ಮಾಮೂಲಿ ಬಿಸಿಯಲ್ಲೇ ಹೊರಹೋಗುತ್ತದೆ. ಕಡಲ ನೀರೇ ಜಾಸ್ತಿ ಬಿಸಿಯಾಗಿ ಹೊರಬರುತ್ತಿದೆ ಅಂದರೆ ಅದೇ ಬಿಸಿಯನ್ನು ಕಡಿಮೆ ನೀರು ಹೊರುತ್ತಿದೆ. ಅಂದರೆ ನೀರು ಸಾಲುತ್ತಿಲ್ಲ. ಎಕ್ಸ್‌ಚೇಂಜರ್ ಮತ್ತೆ ಬಿಚ್ಚುವ ಅಗತ್ಯ ಅಲ್ಲಿಗೆ ಮುಗಿಯಿತು.

ಪಂಪಿನ ಇಂಪೆಲ್ಲರ್ ಹೊಸದು. ಹಾಗಾದರೆ ತೊಂದರೆ ಪಂಪಿಗೆ ನೀರು ಬರುವ ದಾರಿಯಲ್ಲಿರಬೇಕು. ಸ್ಟ್ರೇನರ್‌ನ ಗಾಜಿನಲ್ಲಿ ನೀರು ಸ್ವಚ್ಛ, ಗುಳ್ಳೆಯಿಲ್ಲ. ಸ್ಟ್ರೇನರ್‌ನಿಂದ ಪಂಪಿಗೆ ಹೋಗುವ ಹೋಸ್ ಮೇಲೆ ಟಾರ್ಚ್ ಹಾಕಿದೆ. ಅಷ್ಟರಲ್ಲಿ ಬಾಗಿಲಿಂದ ಬಗ್ಗಿ ನೋಡುತ್ತಿದ್ದ ಹುಡುಗ ಕೈ ತೋರಿಸಿದ. "ಅಣ್ಣಾ, ಅಲ್ಲಿ ತಿರುವಿನಲ್ಲಿ ನೋಡಿ, ಚಪ್ಪಟೆ ಆಗ್ತಿದೆ!" ಸದ್ದಿನಲ್ಲಿ ಮಾತು ಕೇಳಲಿಲ್ಲ, ಕೈ ಕಂಡಿತು. ಹೋಸ್ ಬಾಗುವ ಜಾಗದಲ್ಲಿ ಎರಡೂ ಬದಿ ಒಳಕ್ಕೆ ಎಳೆದುಕೊಂಡಿತ್ತು. ಕಬ್ಬಿನ ಹಾಲನ್ನು ಸ್ಟ್ರಾನಲ್ಲಿ ಜೋರಾಗಿ ಎಳೆದಾಗ ಸ್ಟ್ರಾ ಅಂಟಿಕೊಳ್ಳುತ್ತದಲ್ಲ, ಹಾಗೆ. ನಾನು ಮೇಲೆ ಬಂದು ಕ್ಯಾಪ್ಟನ್‌ಗೆ 1200ಕ್ಕೆ ಇಳಿಸಿ ಅಂದೆ. ಮತ್ತೆ ಇಳಿದು ನೋಡುವಷ್ಟರಲ್ಲಿ ಹೋಸ್ ದುಂಡಗಾಗಿತ್ತು. ಕೂಲೆಂಟ್ ನಿಧಾನಕ್ಕೆ ಇಳಿಯತೊಡಗಿತು.

ಪಂಪ್ ಎಂಜಿನ್‌ನ ಗೇರಿನಿಂದಲೇ ತಿರುಗುತ್ತದೆ. ಆರ್‌ಪಿಎಂ ಏರಿದಂತೆ ಅದು ಎಳೆಯುವ ಬಲವೂ ಏರುತ್ತದೆ. ಎಳೆಯುವ ಕಡೆಯ ಹೋಸ್‌ನ ಗೋಡೆಯೊಳಗೆ ಸ್ಟೀಲ್ ತಂತಿಯ ಸುರುಳಿ ಇರಬೇಕು. ಈ ಬೋಟಿನಲ್ಲಿ ಹಿಂದೆ ಎಲ್ಲೋ ಯಾರೋ ತಂತಿಯಿಲ್ಲದ ಹೋಸ್ ಹಾಕಿದ್ದರು. ತಣ್ಣಗಿದ್ದಾಗ ಅದನ್ನು ಹಿಸುಕಿದರೆ ಗಟ್ಟಿಯಾಗೇ ಇತ್ತು. ಧಕ್ಕೆಯಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಎಂಜಿನ್ ರೂಮ್ ಅಷ್ಟು ಕಾಯುವುದಿಲ್ಲ, ಹೊರೆಯಿಲ್ಲದ ಎಂಜಿನ್ನನ್ನು ಅರ್ಧ ಗಂಟೆ 2000ದಲ್ಲಿ ಯಾರೂ ಓಡಿಸುವುದೂ ಇಲ್ಲ. ಸಮುದ್ರದಲ್ಲಿ ರೂಮ್ 50 ಡಿಗ್ರಿ ದಾಟಿ, ರಬ್ಬರ್ ಮೆತ್ತಗಾದ ಮೇಲೆಯೇ ಅದು ಸೋತದ್ದು. ಇಪ್ಪತ್ತು ನಿಮಿಷ ಯಾಕೆ ಬೇಕಾಯಿತು ಅನ್ನುವುದಕ್ಕೆ ಇದೇ ಉತ್ತರ.

ಮಾಲೀಕರನ್ನು ಕರೆದು ತೋರಿಸಿದೆ. ಇದು ನನ್ನ ಪದ್ಧತಿ. ಸಾಧ್ಯವಾದರೆ ದೋಷವನ್ನು ಬಾಯಲ್ಲಿ ವಿವರಿಸದೆ ಕಣ್ಣಿಗೆ ತೋರಿಸಬೇಕು. ಕ್ಯಾಪ್ಟನ್ ಒಂದೆರಡು ನಿಮಿಷ ಮಾತ್ರ ವೇಗ ಏರಿಸಿದರು, ಮಾಲೀಕರು ಬಾಗಿಲಿಂದಲೇ ನೋಡಿದರು. ಆಮೇಲೆ ಅವಸರದ ಮಾತು ಬರಲಿಲ್ಲ.

ಬರುವಾಗ ನಿಧಾನದ ವೇಗದಲ್ಲೇ ಉಳಿದದ್ದನ್ನು ಮುಗಿಸಿದೆವು. ಚುಕ್ಕಾಣಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಲಂಗರು ಇಳಿಸಿ ಎತ್ತಿದ್ದು, ಟ್ರಿಮ್ ಟ್ಯಾಬ್, ಬಿಲ್ಜ್ ಪಂಪ್. ಎಸಿಗಳನ್ನೆಲ್ಲ ಒಟ್ಟಿಗೆ ಹಾಕಿ ಜನರೇಟರ್ ತಡೆಯುತ್ತದೆಯೇ ನೋಡಿದ್ದು. ಎಲ್ಲ ಸರಿಯಿತ್ತು.

ಸ್ಟೀಲ್ ಸುರುಳಿಯ ಹೋಸ್ ನಮ್ಮ ಸ್ಟೋರಿನಲ್ಲಿತ್ತು. ಅಳತೆ ಕತ್ತರಿಸಿ, ಎರಡೂ ತುದಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಿಪ್ ಹಾಕಿದೆವು. ನೀರಿನ ಮಟ್ಟಕ್ಕಿಂತ ಕೆಳಗಿನ ಹೋಸ್‌ಗೆ ಒಂದೇ ಕ್ಲಿಪ್ ಹಾಕಿ ಬಿಡಬಾರದು, ಅದು ಜಾರಿದರೆ ಬೋಟೇ ಮುಳುಗಬಹುದು.

ಸಂಜೆ ನಾಲ್ಕೂವರೆಗೆ ಮತ್ತೆ ಹೊರಟೆವು. ಗಾಳಿ ಎದ್ದಿತ್ತು, ಗಾಜಿಗೆ ನೀರು ಹಾರುತ್ತಿತ್ತು. ವೇಗ ಅಳೆಯಲು ಆ ಸಮುದ್ರ ಸರಿಯಿಲ್ಲ. ಆದರೆ ನಮಗೆ ಬೇಕಾದದ್ದು ಬಿಸಿಯ ಲೆಕ್ಕ, ಅಲೆಯಲ್ಲಿ ಎಂಜಿನ್‌ಗೆ ಹೊರೆ ಇನ್ನೂ ಜಾಸ್ತಿ, ಹಾಗಾಗಿ ಪರೀಕ್ಷೆಗೆ ಒಳ್ಳೆಯದೇ ಆಯಿತು. 2000ದಲ್ಲಿ ಅರ್ಧ ಗಂಟೆ ಓಡಿತು. ಎಡ 84, ಬಲ 84. ಹೊರಬರುವ ಕಡಲ ನೀರು ಎಡಕ್ಕೆ 46, ಬಲಕ್ಕೆ 47.

ಪೂರ್ತಿ ವೇಗದ ಓಟವನ್ನು ಮರುದಿನ ಬೆಳಗಿನ ಶಾಂತ ನೀರಿಗೆ ಇಟ್ಟುಕೊಂಡೆವು. ಥ್ರಾಟಲ್ ಪೂರ್ತಿ ಒತ್ತಿದಾಗ ಎಂಜಿನ್ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಲೇಬೇಕು. ಇದಕ್ಕೆ 2300. ಮುಟ್ಟದಿದ್ದರೆ ತಳ ಗಲೀಜು, ಪ್ರೊಪೆಲರ್ ದೊಡ್ಡದು, ಇಲ್ಲವೇ ಎಂಜಿನ್ ಸೊರಗಿದೆ. ಎರಡೂ 2300 ದಾಟಿದವು. ವೇಗವನ್ನು ಒಂದೇ ದಿಕ್ಕಿನಲ್ಲಿ ಅಳೆಯಬಾರದು, ಯಾಕೆಂದರೆ ಜಿಪಿಎಸ್ ನೆಲದ ಮೇಲಿನ ವೇಗ ತೋರಿಸುತ್ತದೆ, ನೀರಿನ ಹರಿವು ಅದರಲ್ಲಿ ಸೇರಿರುತ್ತದೆ. ಹೋಗುವಾಗ 28.4 ನಾಟ್, ಅದೇ ಗೆರೆಯಲ್ಲಿ ಬರುವಾಗ 27.6. ಸರಾಸರಿ 28, ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್.

ಎಡಗಡೆಯ ಎಂಜಿನ್‌ನ ಹೋಸ್ ಕೂಡ ಬದಲಿಸೋಣ ಅಂತ ಮಾಲೀಕರಿಗೆ ಹೇಳಿದೆ. "ಅದು ಚೆನ್ನಾಗೇ ಇದೆಯಲ್ಲ?" ಅಂದರು. ಅದರಲ್ಲಿ ತಂತಿ ಇತ್ತು, ನಿಜ. ಆದರೆ ಹಳೆಯದು, ಬೇಸಿಗೆ ಇನ್ನೂ ಮೂರು ತಿಂಗಳು ಬಾಕಿ. ಒಪ್ಪಿದರು. ಬಿಚ್ಚಿದ ಆ ಹೋಸನ್ನು ಉದ್ದಕ್ಕೆ ಸೀಳಿ ನೋಡಿದೆವು. ಹೊರಗೆ ಒಂದು ಬಿರುಕೂ ಇರಲಿಲ್ಲ. ಒಳಗಿನ ರಬ್ಬರ್ ಪದರ ಒಂದು ಕಡೆ ಎದ್ದು ನಿಂತಿತ್ತು. ಆ ತುಂಡನ್ನು ವರ್ಕ್‌ಶಾಪಿನ ಗೋಡೆಗೆ ತೂಗುಹಾಕಿದ್ದೇನೆ. ಹೊಸಬರು ಬಂದಾಗ ಅದನ್ನು ಕೈಗೆ ಕೊಟ್ಟು, ಹೊರಗಿನಿಂದ ದೋಷ ಹುಡುಕಲು ಹೇಳುತ್ತೇನೆ.