ಕಾರಿಗೆ ಕ್ಯಾಚ್ ಕ್ಯಾನ್: ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇರುವ ಕಾರಿನಲ್ಲಿ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪು ಬಿಚ್ಚಿದಾಗ ಒಳಗೆ ಎಣ್ಣೆ ಜಿಡ್ಡು ಕಂಡರೆ ಗಾಬರಿ ಬೇಡ. ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಹೊಗೆ ಕೆಳಗೆ, ಆಯಿಲ್ ಇರುವ ಕಡೆಗೆ ನುಸುಳುತ್ತಲೇ ಇರುತ್ತದೆ. ಅದನ್ನು ಒಂದು ಪೈಪು ಮತ್ತೆ ಎಂಜಿನ್ ಎಳೆದುಕೊಳ್ಳುವ ಗಾಳಿಗೇ ಸೇರಿಸುತ್ತದೆ. ಹೊಗೆಯ ಜೊತೆ ಎಣ್ಣೆ ಹನಿಯೂ ಹೋಗುತ್ತದೆ. ಆ ಹನಿಯನ್ನು ದಾರಿಯಲ್ಲೇ ಹಿಡಿಯುವ ಡಬ್ಬಿಯೇ ಆಯಿಲ್ ಕ್ಯಾಚ್ ಕ್ಯಾನ್.

ಎಲ್ಲ ಕಾರಿಗೂ ಬೇಕಾ? ಬೇಡ. ಮಾಮೂಲಿ ಎಂಪಿಎಫ್‌ಐ ಕಾರಿನಲ್ಲಿ, ಅಂದರೆ ಸಿಲಿಂಡರಿನ ಹೊರಗೇ ಪೆಟ್ರೋಲ್ ಚಿಮ್ಮುವ ಕಾರಿನಲ್ಲಿ, ಇನ್‌ಟೇಕ್ ವಾಲ್ವಿಗೆ (ಗಾಳಿ ಒಳಬರುವ ವಾಲ್ವ್) ಅಂಟುವ ಜಿಡ್ಡನ್ನು ಪೆಟ್ರೋಲೇ ತೊಳೆಯುತ್ತಿರುತ್ತದೆ. ಅಂಥದ್ದಕ್ಕೆ ಸುಮ್ನೆ ದುಡ್ಡು ದಂಡ. ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮುವ ಟರ್ಬೊ ಎಂಜಿನ್‌ಗೆ ಉಪಯೋಗ ಜಾಸ್ತಿ. ಡೀಸೆಲ್‌ನಲ್ಲಿ ಇಜಿಆರ್ (ಸುಟ್ಟ ಹೊಗೆಯನ್ನು ಸ್ವಲ್ಪ ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ತರುವ ಮಸಿಯೂ ಎಣ್ಣೆಯೂ ಸೇರಿ ಡಾಂಬರಿನಂತೆ ಅಂಟುತ್ತವೆ. ಕ್ಯಾನ್ ತಡೆಯುವುದು ಎಣ್ಣೆಯನ್ನಷ್ಟೇ. ಕಾರು ವಾರಂಟಿಯಲ್ಲಿದ್ದರೆ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ.

ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತಿರುಗಿಸಿ ಒಳಗೆ ಇಣುಕಿ. ಅಡ್ಡ ತಗಡು, ಉಕ್ಕಿನ ಜಾಲರಿ ಇರಬೇಕು. ಅಗ್ಗದ ಎಷ್ಟೋ ಕ್ಯಾನ್‌ಗಳು ಹೊರಗೆ ಫಳಫಳ, ಒಳಗೆ ಬರೀ ಖಾಲಿ. ಒಂದು ತೂತಿನಿಂದ ಬಂದ ಹೊಗೆ ಇನ್ನೊಂದರಿಂದ ಹಾಗೇ ಹೋಗುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಕೆಲಸ ಶುರು ಮಾಡಿ. ಪೆಟ್ರೋಲ್ ಕಾರಾದರೆ ಪಿಸಿವಿ ವಾಲ್ವಿನಿಂದ (ಆ ಹೊಗೆಯನ್ನು ಹದವಾಗಿ ಬಿಡುವ ವಾಲ್ವ್) ಇನ್‌ಟೇಕ್‌ಗೆ ಹೋಗುವ ಪೈಪು, ಡೀಸೆಲ್ ಆದರೆ ಸಾಮಾನ್ಯವಾಗಿ ಟ್ಯಾಪೆಟ್ ಕವರ್‌ನಿಂದ (ಎಂಜಿನ್ ಮೇಲಿನ ಮುಚ್ಚಳ) ಟರ್ಬೊ ಬಾಯಿಗೆ ಹೋಗುವ ಪೈಪು ಹುಡುಕಿ. ಅದನ್ನು ಕತ್ತರಿಸಬೇಡಿ, ಬಿಚ್ಚಿ ಎತ್ತಿಡಿ. ಪಿಸಿವಿ ವಾಲ್ವ್ ಇದ್ದಲ್ಲೇ ಇರಲಿ. ಎಂಜಿನ್ ಕಡೆಯ ಹೊಸ ಪೈಪು ಕ್ಯಾನ್‌ನ ‘ಇನ್’ ಬಾಯಿಗೆ, ಇನ್‌ಟೇಕ್ ಕಡೆಯದು ‘ಔಟ್’ ಬಾಯಿಗೆ. ಉಲ್ಟಾ ಕೂಡಿಸಿದರೆ ಜಾಲರಿ ಇದ್ದೂ ಇಲ್ಲದಂತೆ.

ಜಾಗದ ವಿಷಯದಲ್ಲಿ ಅವಸರ ಬೇಡ. ಹೊಗೆ ತಣ್ಣಗಾದಷ್ಟೂ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಬಾನೆಟ್ ಒಳಗೆ ಮೊದಲೇ ಕುಲುಮೆ, ಇನ್ನು ಟರ್ಬೊ ಪಕ್ಕ ಕ್ಯಾನ್ ಕೂಡಿಸಿದರೆ ಏನು ಪ್ರಯೋಜನ? ಗಾಳಿ ತಾಗುವ ಕಡೆ, ನೆಟ್ಟಗೆ, ಕೈ ಹೋಗುವಂತೆ ಬಿಗಿಸಿ. ಪೈಪು ಆಯಿಲ್ ತಡೆಯುವ ರಬ್ಬರಿನದೇ ಆಗಬೇಕು, ಒಳ ಅಳತೆ ಹಳೆಯದರಷ್ಟೇ ಇರಬೇಕು. ಗಾರ್ಡನ್ ಪೈಪು ಎಣ್ಣೆಗೆ ಮೆತ್ತಗಾಗಿ, ಎಂಜಿನ್ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತದೆ. ಪೈಪು ನಡುವೆ ಜೋತುಬಿದ್ದರೂ ಎಣ್ಣೆ ಅಲ್ಲೇ ನಿಲ್ಲುತ್ತದೆ. ಕ್ಲಾಂಪ್ ಬಿಗಿದು ಎಂಜಿನ್ ಶುರು ಮಾಡಿ, ಜಾಯಿಂಟ್‌ಗಳಲ್ಲಿ ಸುಯ್ ಎನ್ನುವ ಸದ್ದು ಬರುತ್ತಿದೆಯಾ ಕೇಳಿ. ಬಂದರೆ ಗಾಳಿ ಸೋರುತ್ತಿದೆ ಎಂದರ್ಥ, ಐಡ್ಲಿಂಗ್ ಕೆಡುತ್ತದೆ. ಕೆಲವು ಮಿಸ್ತ್ರಿಗಳು ‘ಔಟ್’ ಪೈಪನ್ನು ಗಾಳಿಗೆ ಬಿಟ್ಟುಬಿಡುತ್ತಾರೆ. ಒಪ್ಪಬೇಡಿ. ಆ ಹೊಗೆ ಹೊರಗೆ ಬಿಡುವಂಥದ್ದಲ್ಲ.

ಅಸಲಿ ಕೆಲಸ ಇನ್ನು ಮೇಲೆ. ಮೊದಲು 1,000 ಕಿ.ಮೀ.ಗೊಮ್ಮೆ ಬಿಚ್ಚಿ ನೋಡಿ. ಎಷ್ಟು ತುಂಬುತ್ತದೆ ಎಂದು ಗೊತ್ತಾದ ಮೇಲೆ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ. ಅರ್ಧ ದಾಟಲು ಬಿಡಬೇಡಿ. ತುಂಬಿದ ಕ್ಯಾನ್‌ನಿಂದ ಎಣ್ಣೆ ಒಮ್ಮೆಲೇ ಎಂಜಿನ್‌ಗೆ ಹೋದರೆ ಡೀಸೆಲ್ ಎಂಜಿನ್ ಕೀ ತೆಗೆದರೂ ನಿಲ್ಲದೆ ಓಡಬಹುದು. ಜಾಲರಿ ಕಟ್ಟಿಕೊಂಡರೆ ಎಂಜಿನ್ ಒಳಗಿನ ಒತ್ತಡ ಏರಿ ಆಯಿಲ್ ಸೀಲ್ ಸೋರುತ್ತದೆ. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಬೀದರ್‌ನ ಡಿಸೆಂಬರ್ ಚಳಿಯಲ್ಲಿ ಬರೀ ಹತ್ತಿರದ ಓಡಾಟವಿದ್ದರೆ ಕ್ಯಾನ್‌ನಲ್ಲಿ ಬೆಳ್ಳನೆಯ ಲೋಳೆ ಸಿಗಬಹುದು. ಅದು ನೀರಾವಿ ಕಲೆತ ಎಣ್ಣೆ. ಕೂಲಂಟ್ ಇಳಿಯುತ್ತಿಲ್ಲ ಅಂದರೆ ಚಿಂತೆ ಇಲ್ಲ. ಏನೇ ಸಿಕ್ಕರೂ ಎಂಜಿನ್‌ಗೆ ವಾಪಸ್ ಸುರಿಯಬೇಡಿ, ಚರಂಡಿಗೂ ಚೆಲ್ಲಬೇಡಿ. ಹಳೇ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿ. ಕ್ಯಾನ್ ದಿಢೀರನೆ ಬೇಗ ತುಂಬತೊಡಗಿದರೆ ದೊಡ್ಡ ಕ್ಯಾನ್ ಹುಡುಕಬೇಡಿ, ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ರಿಂಗ್ ಸವೆದಿರಬಹುದು.