ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

ನಾನು ಪತ್ತಾರ. ಕಲಬುರಗಿ ಸರಾಫ್ ಬಜಾರಿನಲ್ಲಿ ಬೆಳ್ಳಿ ಕೆಲಸ ಮಾಡುತ್ತೇನೆ. ಈಚೆಗೆ ಕಾಲುಂಗುರ ಮಾಡಿಸಲು ಬಂದವರೂ ಪರ್ಸಿನಿಂದ ಒಂದು ನಾಣ್ಯ ತೆಗೆದು, "ಇದು ಎರರ್ ಕಾಯಿನ್ ಅಲ್ವಾ? ಎಷ್ಟು ರೊಕ್ಕ ಬರುತ್ತೆ?" ಎಂದು ಕೇಳುತ್ತಾರೆ. ಬಹುತೇಕ ಅದು ಸುಮ್ನೆ ಪೆಟ್ಟು ತಿಂದ ನಾಣ್ಯ. ಅದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಲೋಹ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ನೋಡಿದರೆ ಸಾಕು.

ಟಂಕಸಾಲೆಯಲ್ಲಿ ಬೋಳು ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಅಂಚು ಹೊರಗೆ ಹರಡದಂತೆ ಸುತ್ತ ಕಾಲರ್ ಎಂಬ ಉಕ್ಕಿನ ಬಳೆ ಇರುತ್ತದೆ. ಬಿಲ್ಲೆ ತಯಾರಾಗುವಾಗ ಅಥವಾ ಒತ್ತುವಾಗ ಆದದ್ದು ಎರರ್. ಹೊರಗೆ ಬಂದ ಮೇಲೆ ಆದದ್ದಕ್ಕೆ ಬೆಲೆ ಇಲ್ಲ.

ಗೀರಿನಿಂದ ಶುರು ಮಾಡಿ. ಉಗುರು ಆಡಿಸಿ. ಗೀರು ತಗ್ಗಾಗಿದ್ದು, ಅದರ ಬದಿಯಲ್ಲಿ ಲೋಹ ಎದ್ದಿದ್ದರೆ ಯಾವುದೋ ಚೂಪು ವಸ್ತು ತಾಗಿದೆ. ಗೆರೆಯೇ ಉಬ್ಬಿದ್ದರೆ ಅಚ್ಚು ಬಿರುಕು ಬಿಟ್ಟು, ಆ ಬಿರುಕಿಗೆ ಲೋಹ ತುಂಬಿಕೊಂಡಿದೆ. ಅದು ನಿಜವಾದ ಎರರ್. ಆದರೆ ಸಣ್ಣ ಬಿರುಕಿಗೆ ಜಾಸ್ತಿ ಬೆಲೆ ಸಿಗುವುದಿಲ್ಲ.

ಅಂಚು ತುಂಡಾದ ನಾಣ್ಯ ನನಗೆ ಬಲು ಇಷ್ಟ. ಬಿಲ್ಲೆಯೇ ಅರೆಚಂದ್ರದ ಹಾಗೆ ಕಡಿದುಹೋಗಿದ್ದರೆ, ಒತ್ತುವಾಗ ಲೋಹ ಆ ಖಾಲಿ ಜಾಗದ ಕಡೆಗೆ ಹರಿಯುತ್ತದೆ. ಅಲ್ಲಿನ ಅಕ್ಷರ ಮಂಕಾಗಿ, ಎಳೆದಂತೆ ಕಾಣುತ್ತದೆ. ಅದರ ನೇರ ಎದುರಿನ ಅಂಚೂ ಸಾಮಾನ್ಯವಾಗಿ ತೆಳ್ಳಗೆ, ಸರಿಯಾಗಿ ಏಳದೆ ಇರುತ್ತದೆ. ಕಡಿದ ಕಡೆಯನ್ನಷ್ಟೇ ನೋಡಬೇಡಿ, ಎದುರಿನ ಅಂಚನ್ನೂ ನೋಡಿ! ಅರ ಹಾಕಿ ಉಜ್ಜಿದ ನಾಣ್ಯದಲ್ಲಿ ಅಕ್ಷರ ಕಡಿದ ಜಾಗದವರೆಗೂ ಸ್ಪಷ್ಟ, ಎದುರಿನ ಅಂಚು ಗಟ್ಟಿ, ಕತ್ತರಿಸಿದ ಮೈ ಮೇಲೆ ಅರದ ಗೆರೆ. ಭೂತಗನ್ನಡಿಯಲ್ಲಿ ಎಲ್ಲವೂ ಕಾಣುತ್ತದೆ.

ತೂಕವನ್ನೂ ನೋಡಿ. 1992ರಿಂದ 2004ರವರೆಗಿನ ಸ್ಟೀಲ್ ಒಂದು ರೂಪಾಯಿ 4.85 ಗ್ರಾಂ. ತುಂಡಾಗಿದ್ದರೆ ಕಡಿಮೆ ಇರಲೇಬೇಕು. ಚಿತ್ರ ಪಕ್ಕಕ್ಕೆ ಸರಿದ ಆಫ್ ಸೆಂಟರ್ ನಾಣ್ಯದ ತೂಕ ಮಾತ್ರ ಪೂರ್ತಿ ಇರುತ್ತದೆ. ಅದರಲ್ಲಿ ಇಸವಿ ಉಳಿದಿದ್ದರೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ವಾಡಿ ಜಂಕ್ಷನ್ ಕಡೆ ಹುಡುಗರು ರೈಲು ಹಳಿ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವೂ ಪೂರ್ತಿ ತೂಗುತ್ತದೆ. ಅದರಲ್ಲಿ ಎರಡೂ ಕಡೆಯ ಅಕ್ಷರ ಹಿಗ್ಗಿ ಅಳಿಸಿರುತ್ತದೆ. ಹಳಿ ಹತ್ತಿರ ಮಕ್ಕಳನ್ನು ಬಿಡಬೇಡಿ.

ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಚಿತ್ರ ಒಳಗೆ ಇಳಿದಿದ್ದರೆ ಅದು ಬ್ರೋಕೇಜ್ ಇರಬಹುದು, ಅಂದರೆ ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ಒತ್ತಿದ ಎರರ್. ಆದರೆ ಎರಡು ನಾಣ್ಯಗಳನ್ನು ಬಿಗಿಹಿಡಿಯುವ ಕಬ್ಬಿಣದ ವೈಸ್‌ನಲ್ಲಿ ಹಿಸುಕಿಯೂ ಹೀಗೆ ಮಾಡುತ್ತಾರೆ. ಹಿಸುಕಿದ್ದರಲ್ಲಿ ಮೂಲ ಚಿತ್ರದ ಗುರುತು ಅಡಿಯಲ್ಲಿ ಉಳಿದಿರುತ್ತದೆ, ಉಬ್ಬಿದ ಭಾಗ ಚಪ್ಪಟೆಯಾಗಿರುತ್ತದೆ.

ಇಸವಿಯ ಕೆಳಗೆ ಟಂಕಸಾಲೆಯ ಗುರುತಿಲ್ಲ ಎಂದು ಹಿಗ್ಗಬೇಡಿ. ನಕ್ಷತ್ರ ಹೈದರಾಬಾದಿನದು, ವಜ್ರಾಕೃತಿ ಮುಂಬೈಯದು, ಚುಕ್ಕೆ ನೋಯ್ಡಾದ್ದು. ಕೋಲ್ಕತ್ತಾ ಯಾವ ಗುರುತನ್ನೂ ಹಾಕುವುದಿಲ್ಲ.

ನಿಜಾಮರ ಚಾರ್‌ಮಿನಾರ್ ರೂಪಾಯಿ ನಮ್ಮ ಕಡೆ ಅಜ್ಜಿಯರ ಪೆಟ್ಟಿಗೆಯಲ್ಲಿ ಇನ್ನೂ ಸಿಗುತ್ತದೆ. ಅಂಚಿನಲ್ಲಿ ಬೆಸುಗೆ ಗಂಟು ಕಂಡರೆ ನಮ್ಮಂಥ ಪತ್ತಾರರೇ ಸರಕ್ಕೆ ಕುಣಿಕೆ ಹಾಕಿದ್ದರು. ಅದು ಎರರ್ ಅಲ್ಲ, ಬೆಳ್ಳಿಯ ಬೆಲೆ ಇದ್ದೇ ಇದೆ. 1943ರಿಂದ 1947ರವರೆಗಿನ ತೂತಿನ ಕಾಸಿಗೆ ಟಂಕಸಾಲೆಯೇ ತೂತು ಇಟ್ಟಿತ್ತು, ಅದೂ ಎರರ್ ಅಲ್ಲ.

ಅನುಮಾನ ಬಂದ ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಇದ್ದ ಬೆಲೆಯೂ ಹೋಗುತ್ತದೆ. ಎರಡು ಮುಖ ಮತ್ತು ಅಂಚಿನ ಫೋಟೋ ತೆಗೆದು, ತೂಕ ಬರೆದು, ನಾಣ್ಯ ವ್ಯಾಪಾರಿಗೆ ತೋರಿಸಿ. ಫೋನಿನಲ್ಲಿ "ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ" ಎಂದರೆ ಕಟ್ಟಬೇಡಿ. ತನ್ನ ಹೆಸರಿನಲ್ಲಿ ಹೀಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.