ಸೌದೆಗೆ ಚೈನ್‌ಸಾ ಬೇಕೆ? ಕೊಳ್ಳುವ ಮುಂಚೆ ಇದನ್ನೆಲ್ಲ ನೋಡಿ

ಚೈನ್‌ಸಾ ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು ‘ಎಷ್ಟು ಸಿಸಿದು ತಗೊಳ್ಳಲಿ?’ ಅಂತ. ನಾನು ತಿರುಗಿ ಕೇಳುವುದು, ‘ಕೆಟ್ಟರೆ ಯಾರ ಹತ್ತಿರ ಒಯ್ತೀರಿ?’ ಹೊಸ ಮೆಷಿನ್ ತರುವಾಗ ಕೆಡುವ ಮಾತು ಯಾಕೆ ಅಂತ ಮುಖ ಸಣ್ಣದು ಮಾಡುತ್ತಾರೆ. ಆದರೆ ಸೌದೆ ಕೊಯ್ಯುವ ಮೆಷಿನ್ ಒಂದಲ್ಲ ಒಂದು ದಿನ ಕೆಡುತ್ತದೆ. ಚೈನ್ ಸವೆಯುತ್ತದೆ, ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ, ಎಳೆಯುವ ಹಗ್ಗ ತುಂಡಾಗುತ್ತದೆ. ಆಗ ಒಂದು ಚಿಕ್ಕ ಸ್ಪೇರ್ ಸಿಗದೆ ಇಡೀ ಮೆಷಿನ್ ಮೂಲೆ ಸೇರಿದರೆ, ಅದರ ಸಿಸಿ ಕಟ್ಟಿಕೊಂಡು ಏನು ಮಾಡೋಣ?

ನಮ್ಮ ಮನೆ ಸೌದೆ ನಾನೇ ಕೊಯ್ಯುತ್ತೇನೆ. ಗೊತ್ತಿರುವವರ ಮೆಷಿನ್‌ಗಳನ್ನೂ ಬಿಚ್ಚಿ ಜೋಡಿಸುತ್ತೇನೆ. ಯಾವ ಕಂಪನಿ ಮಾರಿದರೂ ನನಗೆ ಲಾಭವಿಲ್ಲ. ಏರ್ ಫಿಲ್ಟರ್, ಸ್ಪ್ರಾಕೆಟ್ (ಚೈನನ್ನು ತಿರುಗಿಸುವ ಹಲ್ಲುಚಕ್ರ), ಕಾರ್ಬೊರೇಟರ್ ರಿಪೇರಿ ಕಿಟ್, ಸ್ಟಾರ್ಟರ್ ಸ್ಪ್ರಿಂಗ್. ಈ ನಾಲ್ಕು ಸಾಮಾನು ಬಿಡಿಯಾಗಿ ಸಿಗುತ್ತವೆಯಾ ಅಂತ ಮೆಷಿನ್ ನೋಡುವ ಮುಂಚೆಯೇ ವಿಚಾರಿಸಿ. ‘ಸಿಗುತ್ತೆ, ತರಿಸಿಕೊಡ್ತೀವಿ’ ಅಂದರೆ ಸಾಲದು. ತೋರಿಸಲಿ.

ಎಷ್ಟು ದೊಡ್ಡದು ಬೇಕು

ನೀವು ಕೊಯ್ಯುವ ಮರದ ದಪ್ಪ ನೋಡಿಕೊಳ್ಳಿ. ಸೌದೆ ಅಂದರೆ ಹೆಚ್ಚಾಗಿ ಒಂದಡಿಯೊಳಗಿನ ದಿಮ್ಮಿ, ಕೊಂಬೆ. ಅದಕ್ಕೆ 14 ಅಥವಾ 16 ಇಂಚಿನ ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ, ಧಾರಾಳ. ಅಪರೂಪಕ್ಕೆ ದಪ್ಪದ ಬಡ್ಡೆ ಸಿಕ್ಕರೆ ಎರಡೂ ಕಡೆಯಿಂದ ಕೊಯ್ಯಬಹುದು. ಉದ್ದ ಬಾರ್ ನೋಡಲು ಚೆಂದ. ಆದರೆ ಅರ ಹಾಕಬೇಕಾದ ಹಲ್ಲು ಜಾಸ್ತಿ, ತುದಿ ಮಣ್ಣಿಗೆ ತಾಗುವುದೂ ಜಾಸ್ತಿ.

ಎಂಜಿನ್ ವಿಷಯಕ್ಕೆ ಬಂದರೆ, 30 ಸಿಸಿ ಆಸುಪಾಸಿನದು ಕೊಂಬೆ, ತೆಳು ದಿಮ್ಮಿಗೆ ಸಾಕು. ವರ್ಷವಿಡೀ ಸೌದೆ ಬೇಕಾದ ಮನೆಗೆ 40ರಿಂದ 50 ಸಿಸಿ ಸರಿಯಾದ ಜಾಗ. 60 ದಾಟಿದ್ದು ದೊಡ್ಡ ಮರ ಉರುಳಿಸುವವರಿಗೆ, ಹಲಗೆ ಸೀಳುವವರಿಗೆ. ಸಿಸಿ ಒಂದೇ ನೋಡಿ ಶಕ್ತಿ ಅಳೆಯಬೇಡಿ. ಸ್ಟಿಲ್ ಎಂಎಸ್ 261, ಹಸ್ಕ್ವರ್ನಾ 450 ಎರಡೂ 50.2 ಸಿಸಿ. ಮೊದಲನೆಯದು 3 ಕಿಲೋವ್ಯಾಟ್ ಕೊಡುತ್ತದೆ, ಎರಡನೆಯದು 2.4. ಮೊದಲನೆಯದು ಇದೇ ಕಸುಬು ಮಾಡುವವರಿಗೆ ಅಂತ ಕಟ್ಟಿದ್ದು, ಎರಡನೆಯದು ಮನೆ-ತೋಟದವರಿಗೆ. ಇದರಲ್ಲಿ ಮೇಲುಕೀಳು ಇಲ್ಲ, ಬೆಲೆಯೂ ಹಾಗೇ ಬೇರೆ.

ಹೆಸರೇ ಕೇಳದ ಅಗ್ಗದ ಮೆಷಿನ್‌ಗಳ ಮೈಮೇಲೆ 58, 62 ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಸಿಸಿಯೇ ಆಗಿರಬೇಕೆಂದಿಲ್ಲ, ಬರೀ ಮಾಡೆಲ್ ನಂಬರ್ ಇರಬಹುದು. ಲೆಕ್ಕ ಸುಲಭ. ಪುಸ್ತಕದಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ), ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೊಟ್ಟಿರುತ್ತಾರೆ. ಬೋರನ್ನು ಬೋರಿನಿಂದಲೇ ಗುಣಿಸಿ, ಅದನ್ನು ಸ್ಟ್ರೋಕಿನಿಂದ ಗುಣಿಸಿ, ಆಮೇಲೆ 0.785ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಬೋರ್ 45 ಮಿ.ಮೀ., ಸ್ಟ್ರೋಕ್ 32 ಮಿ.ಮೀ. ಇದ್ದರೆ ಬರುವುದು ಸುಮಾರು 51 ಸಿಸಿ. ಮೈಮೇಲೆ 62 ಅಂತ ಬರೆದಿದ್ದರೂ ಅಷ್ಟೇ. ಬೋರ್, ಸ್ಟ್ರೋಕ್ ಎಲ್ಲೂ ಕೊಟ್ಟೇ ಇಲ್ಲವೆ? ಹಾಗಾದರೆ ಆ ಮೆಷಿನ್ ಬಿಟ್ಟುಬಿಡಿ.

ತೂಕದಲ್ಲೂ ಒಂದು ಕಣ್ಕಟ್ಟು ಇದೆ. ಡಬ್ಬದ ಮೇಲೆ ಹೆಚ್ಚಾಗಿ ಬರೆಯುವುದು ಬಾರ್, ಚೈನ್, ಪೆಟ್ರೋಲ್ ಯಾವುದೂ ಇಲ್ಲದ ತೂಕ. 4.6 ಕೆ.ಜಿ. ಅಂತ ಬರೆದದ್ದು ಎಲ್ಲ ತುಂಬಿಸಿದ ಮೇಲೆ 6 ಕೆ.ಜಿ. ದಾಟುತ್ತದೆ. ಅದನ್ನು ಹಿಡಿದು ಸೊಂಟ ಬಗ್ಗಿಸಿ ಒಂದು ಗಂಟೆ ಕೆಲಸ ಮಾಡಬೇಕು. ಹಾಗಾಗಿ ಎಲ್ಲ ತುಂಬಿಸಿದ ಮೆಷಿನನ್ನೇ ಎತ್ತಿ ನೋಡಿ. ಹಿಡಿಕೆಗಳು ಎಂಜಿನ್‌ಗೆ ನೇರವಾಗಿ ಅಂಟಿಕೊಂಡಿವೆಯಾ, ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇದೆಯಾ, ಅದನ್ನೂ ಗಮನಿಸಿ. ವರ್ಷಗಟ್ಟಲೆ ಅದುರುವ ಹಿಡಿಕೆ ಹಿಡಿದವರ ಬೆರಳು ಬಿಳಿಚಿ ಜೋಮು ಹಿಡಿಯುವುದು ಗೊತ್ತಿರುವ ಕಾಯಿಲೆ.

ಚೈನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು

‘ಎಂಜಿನ್ ವೀಕ್ ಆಗಿದೆ’ ಅಂತ ನನ್ನ ಹತ್ತಿರ ಬರುವ ಮೆಷಿನ್‌ಗಳಲ್ಲಿ ಬಹಳಷ್ಟಕ್ಕೆ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಹಲ್ಲು ಮೊಂಡಾಗಿರುತ್ತದೆ, ಅಷ್ಟೇ. ಹರಿತವಾದ ಚೈನ್ ಮರವನ್ನು ಚಕ್ಕೆ ಚಕ್ಕೆಯಾಗಿ ಕಿತ್ತು ಎಸೆಯುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ನೀವು ಮೆಷಿನನ್ನು ಒತ್ತಿ ಹಿಡಿಯಬೇಕಾಗಿ ಬಂತೆಂದರೆ ಅರ ತೆಗೆಯುವ ಹೊತ್ತಾಯಿತು.

ಈಗ ಎಲ್ಲ ಕಡೆ ಇರುವ ಈ ಹಲ್ಲಿನ ರೂಪ ಬಂದದ್ದು 1947ರಲ್ಲಿ. ಅಮೆರಿಕದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ, ಮರ ಕೊರೆಯುವ ಹುಳುವಿನ ಮರಿಯ ದವಡೆ ನೋಡಿ ಇದನ್ನು ಮಾಡಿದ. ಆ ಮರಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೆರೆಯುತ್ತಾ ಗಟ್ಟಿ ಮರದೊಳಗೆ ದಾರಿ ಮಾಡಿಕೊಳ್ಳುತ್ತಿತ್ತು. ನಿಮ್ಮ ಚೈನಿನಲ್ಲೂ ಒಂದು ಎಡ ಹಲ್ಲು, ಒಂದು ಬಲ ಹಲ್ಲು ಹಾಗೇ ಸಾಲಾಗಿವೆ. ಒಂದು ಬದಿಗೆ ಜಾಸ್ತಿ ಅರ ಹಾಕಿ ಇನ್ನೊಂದು ಬದಿಗೆ ಕಮ್ಮಿ ಹಾಕಿದರೆ ಗರಗಸ ನೇರ ಇಳಿಯುವುದಿಲ್ಲ, ಓರೆ ಹೋಗುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಮೂರು ಅಂಕಿ: ಪಿಚ್ (ಚೈನಿನ ಕೊಂಡಿಗಳ ನಡುವಿನ ಅಂತರ), ಗೇಜ್ (ಬಾರಿನ ಸಂದಿಯೊಳಗೆ ಓಡುವ ಕೊಂಡಿಯ ದಪ್ಪ), ಆ ಕೊಂಡಿಗಳ, ಅಂದರೆ ಡ್ರೈವ್ ಲಿಂಕ್‌ಗಳ ಸಂಖ್ಯೆ. ಹೆಚ್ಚಾಗಿ ಬಾರಿನ ಬುಡದಲ್ಲಿ ಇವನ್ನು ಕೊರೆದಿರುತ್ತಾರೆ. ಪಿಚ್ 3/8 ಇಂಚಿನ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನದು) ಆಗಿದ್ದರೆ ಹರಿತ ಮಾಡಲು ಸಾಮಾನ್ಯವಾಗಿ 4 ಮಿ.ಮೀ. ದುಂಡನೆಯ ಅರ, .325 ಆದರೆ 4.8 ಮಿ.ಮೀ., ದೊಡ್ಡ 3/8ಕ್ಕೆ 5.5 ಮಿ.ಮೀ. ಈ ಅಳತೆಯ ಚೈನ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ವಿಚಿತ್ರ ಅಳತೆಯ ಚೈನ್ ಇರುವ ಮೆಷಿನ್ ಎಷ್ಟೇ ಅಗ್ಗವಾದರೂ ಬೇಡ. ಹಲ್ಲಿನ ಮೂಲೆ ಚೂಪಾಗಿರುವ ‘ಫುಲ್ ಚಿಸೆಲ್’ ಚೈನ್ ಬೇಗ ಕೊಯ್ಯುತ್ತದೆ, ಬೇಗ ಮೊಂಡೂ ಆಗುತ್ತದೆ. ಸೌದೆಗೆ ಬರುವ ಮರಕ್ಕೆ ಮಣ್ಣು ಮೆತ್ತಿರುತ್ತದೆ. ಅದಕ್ಕೆ ಮೂಲೆ ದುಂಡಗಿರುವ ‘ಸೆಮಿ ಚಿಸೆಲ್’ ಒಳ್ಳೆಯದು, ಹರಿತ ಜಾಸ್ತಿ ಹೊತ್ತು ಉಳಿಯುತ್ತದೆ.

ಎಣ್ಣೆ ಪಂಪ್ ಪರೀಕ್ಷೆಗೆ ಒಂದು ರಟ್ಟು ಸಾಕು. ಬಾರಿನ ತುದಿಯನ್ನು ಅದರಿಂದ ಒಂದು ಗೇಣು ದೂರ ಹಿಡಿದು ಎಂಜಿನ್ ಏರಿಸಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್, ಚೈನ್ ಎರಡೂ ಬೇಗ ಸುಟ್ಟು ಹೋಗುತ್ತವೆ.

ಅಂಗಡಿಯಲ್ಲಿ ನಿಂತು

ತಣ್ಣಗಿದ್ದಾಗ ಸ್ಟಾರ್ಟ್ ಆಗುವುದು ದೊಡ್ಡ ವಿಷಯವಲ್ಲ. ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿಸಿ, ಐದು ನಿಮಿಷ ಬಿಟ್ಟು ಮತ್ತೆ ನೀವೇ ಹಗ್ಗ ಎಳೆಯಿರಿ. ಸೌದೆ ಕೊಯ್ಯುವಾಗ ದಿನವಿಡೀ ನಡೆಯುವುದು ಇದೇ: ಕೊಯ್ಯಿ, ನಿಲ್ಲಿಸು, ತುಂಡು ಸರಿಸು, ಮತ್ತೆ ಎಳೆ. ಟ್ರಿಗರ್ ಬಿಟ್ಟಾಗ ಎಂಜಿನ್ ಓಡುತ್ತಿರಬೇಕು, ಚೈನ್ ಮಾತ್ರ ಅಲುಗಾಡಬಾರದು.

ಮುಂದಿನ ಹಿಡಿಕೆಯ ಎದುರಿಗಿರುವ ಗಾರ್ಡ್ ಚೈನ್ ಬ್ರೇಕ್. ಎಂಜಿನ್ ಆಫ್ ಮಾಡಿ, ಗ್ಲೌಸ್ ಹಾಕಿ, ಗಾರ್ಡನ್ನು ಮುಂದಕ್ಕೆ ತಳ್ಳಿ ಚೈನ್ ಎಳೆಯಿರಿ. ಒಂಚೂರೂ ಸರಿಯಬಾರದು. ಬಾರ್ ತುದಿಯ ಮೇಲಿನ ಅರ್ಧ ಮರಕ್ಕೆ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ಮುಖದ ಕಡೆಗೆ ಚಿಮ್ಮುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಬ್ರೇಕ್ ಇರುವುದು ಆ ಕ್ಷಣಕ್ಕೆ. ಬ್ರೇಕ್ ಇಲ್ಲದ್ದನ್ನು, ಅಥವಾ ‘ಅಡ್ಡ ಬರುತ್ತೆ’ ಅಂತ ಯಾರೋ ಬಿಚ್ಚಿಟ್ಟದ್ದನ್ನು ಸುಮ್ನೆ ಕೊಟ್ಟರೂ ತರಬೇಡಿ.

ಕರೆಂಟಿನದು, ಬ್ಯಾಟರಿಯದು

ಸೌದೆಯನ್ನು ಮನೆ ಹಿತ್ತಲಿಗೇ ತಂದು ಕೊಯ್ಯುವುದಾದರೆ 2000 ವ್ಯಾಟಿನ ವೈರ್ ಮೆಷಿನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾರ್ಬೊರೇಟರ್ ಇಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಇಲ್ಲ. ತೆಳು ಎಕ್ಸ್‌ಟೆನ್ಶನ್ ವೈರ್ ಮಾತ್ರ ಹಾಕಬೇಡಿ, ಮೋಟಾರ್ ಬಿಸಿಯಾಗುತ್ತದೆ. ಬ್ಯಾಟರಿಯದ್ದಕ್ಕೆ ಒಂದು ಗುಣಾಕಾರ ಮಾಡಿ: 36 ವೋಲ್ಟ್, 5 ಆಂಪಿಯರ್-ಅವರ್ ಅಂದರೆ 180 ವ್ಯಾಟ್-ಅವರ್. ಸಾವಿರ ವ್ಯಾಟ್ ಎಳೆಯುವ ಕೆಲಸಕ್ಕೆ ಅದು 11 ನಿಮಿಷದಷ್ಟು ಬರುತ್ತದೆ. ಕೊಂಬೆ ಕತ್ತರಿಸಲು ಸಾಕು. ರಾಶಿ ಸೌದೆಗೆ ಇನ್ನೆರಡು ಬ್ಯಾಟರಿ ಬೇಕಾಗುತ್ತದೆ.

ಹಳೆಯದು ಕೊಳ್ಳುವವರಿಗೆ

ನನ್ನನ್ನು ಕೇಳಿದರೆ, ಹೆಸರಿಲ್ಲದ ಹೊಸದಕ್ಕಿಂತ ಒಳ್ಳೆ ಕಂಪನಿಯ ಹಳೆಯದು ವಾಸಿ. ಆದರೆ ನೋಡಿ ತರಬೇಕು. ಹೋದ ಕೂಡಲೇ ಸಿಲಿಂಡರ್ ಕಡೆ ಕೈ ಹತ್ತಿರ ಹಿಡಿಯಿರಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಅಂದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹಟ ಮಾಡುತ್ತಿರಬಹುದು. ತಣ್ಣಗಾಗುವ ತನಕ ಕೂತುಕೊಳ್ಳಿ.

ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿಯಿಂದ ಮೆಷಿನನ್ನು ತೂಗುಹಾಕಿ. ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತಿ ಹಿಡಿಯುವ ಬಿಗಿ) ಚೆನ್ನಾಗಿದ್ದರೆ ನಿಧಾನವಾಗಿ, ತಡೆದು ತಡೆದು ಇಳಿಯುತ್ತದೆ. ಸರ್ರನೆ ಜಾರಿದರೆ ಒಳಗೆ ಸವೆದಿದೆ. ಹಗ್ಗ ಹಗುರವಾಗಲೆಂದು ಆ ಒತ್ತಡ ಬಿಡುವ ಡಿಕಂಪ್ರೆಷನ್ ಬಟನ್ ಒತ್ತಿಟ್ಟಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ಮಾರುವವರು ಒಪ್ಪಿದರೆ ಸೈಲೆನ್ಸರ್ ಬಿಚ್ಚಿಸಿ. ಆ ತೂತಿನಿಂದ ಟಾರ್ಚ್ ಬಿಟ್ಟರೆ ಪಿಸ್ಟನ್ ಕಾಣುತ್ತದೆ. ನುಣ್ಣಗಿದ್ದರೆ ಸರಿ. ಮೇಲಿಂದ ಕೆಳಕ್ಕೆ ಗೀರು ಬಿದ್ದಿದ್ದರೆ ಯಾರೋ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿದ್ದಾರೆ, ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಎರಡಕ್ಕೂ ಖರ್ಚು ದೊಡ್ಡದು. ‘ಬಿಚ್ಚೋದೆಲ್ಲ ಆಗಲ್ಲ’ ಅಂದರೆ ನಾನು ವಾಪಸ್ ಬರುತ್ತೇನೆ.

ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕ್ರ್ಯಾಂಕ್ ಬೇರಿಂಗ್ ಹೋಗಿದ್ದರೆ ಒಳಗಿನ ಶಾಫ್ಟೇ ಕುಲುಕುತ್ತದೆ. ಸ್ಪ್ರಾಕೆಟ್ ಹಲ್ಲಿನಲ್ಲಿ ಚೈನ್ ಆಳವಾಗಿ ಗುಂಡಿ ಕೊರೆದಿದ್ದರೆ ಗಾಬರಿ ಬೇಡ, ಎರಡು ಚೈನ್ ಸವೆದ ಮೇಲೆ ಅದನ್ನು ಹೇಗೂ ಬದಲಿಸಬೇಕು. ಬೆಲೆ ಇಳಿಸಲು ಒಂದು ನೆಪ ಸಿಕ್ಕಿತು, ಅಷ್ಟೇ.

ಮನೆಗೆ ತರುವಾಗ

ಎರಡನೆಯ ಚೈನ್, ಸರಿ ಅಳತೆಯ ಅರ, ಚೈನ್ ಆಯಿಲ್ ಇವನ್ನು ಅದೇ ದಿನ ತನ್ನಿ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಚೈನ್‌ಸಾಗೆಂದೇ ಮಾಡಿದ ಪ್ಯಾಂಟ್ ಕೂಡ. ಚೈನ್ ತಾಗಿದರೆ ಆ ಪ್ಯಾಂಟಿನ ಒಳಗಿನ ಎಳೆಗಳು ಹೊರಬಂದು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಚೈನ್ ನಿಲ್ಲಿಸುತ್ತವೆ. ಮಾಮೂಲಿ ಜೀನ್ಸ್ ಆ ಕೆಲಸ ಮಾಡುವುದಿಲ್ಲ.

ಈಗಿನ ಹೆಚ್ಚಿನ ಮೆಷಿನ್‌ಗಳಿಗೆ ಮಿಶ್ರಣ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಒಳ್ಳೆ 2ಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಆಯಿಲ್. ಕೆಲವಕ್ಕೆ 25ಕ್ಕೆ 1 ಬೇಕು, ಪುಸ್ತಕ ನೋಡಿ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಬೆರೆಸಿ. ಎಥನಾಲ್ ಇರುವ ಪೆಟ್ರೋಲ್ ನೀರು ಹೀರಿಕೊಳ್ಳುತ್ತದೆ, ಕಾರ್ಬೊರೇಟರ್ ಒಳಗಿನ ತೆಳು ರಬ್ಬರ್ ಪೊರೆಯನ್ನು ಬಿರುಸು ಮಾಡುತ್ತದೆ. ಸೌದೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ನಿಲ್ಲುವ ತನಕ ಓಡಿಸಿ ಇಡಿ. ಹೀಗೆ ಇಟ್ಟ ಮೆಷಿನ್‌ಗಳು ನನ್ನ ಹತ್ತಿರ ರಿಪೇರಿಗೆ ಬರುವುದು ಕಮ್ಮಿ.